ಹದಿಮೂರು ಮೆಟ್ಟಿಲಿನ ಜೇಬು

ಮೆಷಿನ್ ಬಂದ ವರ್ಷ ನನ್ನ ಬೆರಳುಗಳಿಗೆ ರಿಟೈರ್ಮೆಂಟು.
ಬಾಕಿ ಮೈಗೆ ಇನ್ನೂ ಒಂಬತ್ತು ವರ್ಷ ಸರ್ವೀಸಿತ್ತು.

ಅದಕ್ಕೂ ಮುಂಚೆ, ರಾತ್ರಿ ಕೊನೇ ಬಸ್ಸು,
ಲೈಟು ಕೆಟ್ಟು, ತೂಬಿನಕೆರೆ ಹತ್ತಿರ
ಕಬ್ಬಿನ ಲಾರಿಯ ಹಿಂದೆ ತೆವಳುತ್ತಿರುವಾಗ
ಎರಡರದ್ದು, ಐದರದ್ದು, ಹನ್ನೊಂದರದ್ದು
ಕಣ್ಣನ್ನು ಕೇಳದೆ ಕಿತ್ತು ಕೊಡುತ್ತಿದ್ದವು ಇವು.
ಈಗ ಗುಂಡಿ ಒತ್ತಿದರೆ
ಗಿರ್ರನೆ ನಾಲಿಗೆ ಚಾಚುತ್ತದೆ ಯಂತ್ರ.

ಗುತ್ತಲಿನ ತಿಬ್ಬಯ್ಯ, ಡ್ರಾಯಿಂಗ್ ಮೇಷ್ಟ್ರು,
ಸ್ಕೂಲ್ ಡೇಗೆ ಕೋಟು ತೊಟ್ಟು ಮೊಟ್ಟೆ ಮಾಯ ಮಾಡುತ್ತಿದ್ದವರು,
ಒಂದು ದಿನ ಯಲಿಯೂರಿನಿಂದ ಮಂಡ್ಯದವರೆಗೆ
ನನ್ನ ಬಲಗೈಯನ್ನೇ ನೋಡಿದರು.
ಕೆಲಸವಿಲ್ಲದ ಕೈ ಕಂಬಿಯ ಮೇಲೆ
ಏನನ್ನೋ ಎಣಿಸುತ್ತಿತ್ತಂತೆ.
"ಭಾನುವಾರ ಮನೆ ಕಡೆ ಬಾ" ಅಂದರು.

ಹೋದೆ. ಟೀ ಕೊಡಲಿಲ್ಲ. "ಒಂದು ಎಲೆ ಹೇಳು."
"ಕಳಾವರ್ ಏಳು."
ತಮ್ಮ ಮೊಣಕಾಲು ನೋವಿನ ಕತೆ ಹೇಳುತ್ತಾ ಹೇಳುತ್ತಾ
ಕರ್ಚೀಫು ತೆಗೆದಷ್ಟು ಸಲೀಸಾಗಿ
ಜೇಬಿನಿಂದ ತೆಗೆದಿಟ್ಟರು ಕಳಾವರ್ ಏಳು.
ಆಮೇಲೆ ಜೇಬನ್ನೇ ಬುಡಮೇಲು ಮಾಡಿದರು:
ಒಳಗೊಂದು ರಟ್ಟು, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದು.
ಬಲಕ್ಕೆ ಆಟೀನು, ಕಳಾವರು. ಎಡಕ್ಕೆ ಇಸ್ಪೀಟು, ಡೈಮನ್ನು.
ಎಕ್ಕ ಅಂದರೆ ಹೊಸಿಲು, ರಾಜ ಅಂದರೆ ಅಟ್ಟ.
"ಬೆರಳು ಹತ್ತಲಿ. ಮುಖ ಹತ್ತಬಾರದು."

ಹಳೇ ಖಾಕಿ ಹರಿದು ಚಿಕ್ಕತಾಯಿ ಹೊಲಿದಳು.
ಡಿಪೋದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ
ಟಿಕೆಟ್ಟಿನ ರಟ್ಟೇ ಮೆಟ್ಟಿಲಾಯಿತು.
ಅವರೆಕಾಯಿ ಸುಲಿಯುತ್ತಾ ಕೂಗುತ್ತಾಳೆ, "ಡೈಮನ್ ನಾಕು!"
ಮೂರು ಬರುತ್ತದೆ.
"ಇಸ್ಪೀಟ್ ರಾಣಿ!" ಗುಲಾಮ ಬರುತ್ತಾನೆ.
"ಬುಡಿ, ಮನೇಲೂ ಅಷ್ಟೇ ತಾನೆ" ಎಂದು ನಗುತ್ತಾಳೆ.
ಬೆರಳು ಸರಿ ಹತ್ತಿದ ದಿನ ಮಾತು ನಿಂತಿರುತ್ತದೆ,
ಮಾತು ನಡೆದ ದಿನ ಬೆರಳು ಜಾರುತ್ತದೆ.
ತುಟಿ ಅಲ್ಲಾಡುತ್ತದಂತೆ,
ಅಂಗಡಿ ಸಾಲ ಲೆಕ್ಕ ಹಾಕುವವನ ಹಾಗೆ.

ಆರು ತಿಂಗಳು.

ಕೊನೆಗೆ ಮೇಷ್ಟ್ರೇ ಅಂದರು: "ನೂರರ ನೋಟು ಕೊಟ್ಟ ಮುದುಕಿಗೆ
ಚಿಲ್ಲರೆ ಆಮೇಲೆ ಅಂತೀಯಲ್ಲ,
ಆಗ ನಿನ್ನ ಮುಖ ಹೆಂಗಿರ್ತದೆ? ಅದನ್ನ ಹಾಕು."
ಅದು ನನಗೆ ಬರುತ್ತಿತ್ತು.
ಹತ್ತೊಂಬತ್ತು ವರ್ಷದ ರೂಢಿ.

ಡಿಪೋದಲ್ಲಿ ಆಯುಧಪೂಜೆ. ಬಾಳೆಕಂದು ಕಟ್ಟಿಸಿಕೊಂಡು
ಮದುಮಕ್ಕಳಂತೆ ನಿಂತ ಬಸ್ಸುಗಳ ನಡುವೆ
ಕುಂಬಳಕಾಯಿ ಒಡೆದ ಕೆಂಪು ನೆಲ.
ಪುರಿ ಹಂಚುವುದರೊಳಗೆ ನನಗೆ ಹತ್ತು ನಿಮಿಷ.
ಹನ್ನೊಂದು ವರ್ಷ ನನ್ನ ಸೀಟಿಗೆ ಬ್ರೇಕು ಒತ್ತಿದ ಕೆಂಪೀರಯ್ಯ
ಎದ್ದು ನಿಂತು ಕೂಗಿದ: "ಆಟೀನ್ ಒಂಬತ್ತು!"

ಕೊನೇ ಸಾಲಿನಲ್ಲಿ ಚಿಕ್ಕತಾಯಿ
ಎಲೆಅಡಿಕೆ ಅಗಿಯುವುದು ನಿಲ್ಲಿಸಿದಳು.
ಒಂಬತ್ತರ ಹತ್ತಿರ ಹೊಲಿಗೆ ಬಿಟ್ಟಿತ್ತು.
ಬೆಳಿಗ್ಗೆಯೇ ಹೇಳಿದ್ದಳು. ನಾನು ಸಂಜೆ ನೋಡೋಣ ಅಂದಿದ್ದೆ.

ಚಿಲ್ಲರೆಯ ಮುಖ ಹಾಕಿದೆ.
ಕೆಂಪೀರಯ್ಯನ ಕ್ಲಚ್ಚಿನ ಬಗ್ಗೆ ಏನೋ ಅಂದೆ,
ಮೆಕ್ಯಾನಿಕ್ಕುಗಳು ನಕ್ಕರು.
ಕೈ ಒಳಗೆ: ಹೊಸಿಲು ಇದೆ, ಐದು ಇದೆ, ಏಳು,
ಆಮೇಲೆ ಮೆಟ್ಟಿಲೇ ಇಲ್ಲ.
ಬರೀ ಬಟ್ಟೆ, ಬರೀ ಕತ್ತಲು,
ತೂಬಿನಕೆರೆ ಹತ್ತಿರ ಲೈಟು ಕೆಟ್ಟ ಬಸ್ಸು.
ಯಾರೋ ಕೈ ಚಾಚಿ ಕೂತಿದ್ದಾರೆ.
ಎಲ್ಲಿಗೆ ಅಂತ ಕೇಳಲಿಲ್ಲ,
ಕಿತ್ತು ಕೊಟ್ಟೆ.

ಚಪ್ಪಾಳೆ. ಯಾರೋ ಹಾರ್ನು ಒತ್ತಿದರು.
ತಲೆಯ ಮೇಲೆ ಎತ್ತಿ ಹಿಡಿದಿದ್ದೆ ಆಟೀನು ಒಂಬತ್ತನ್ನು;
ಅದರ ಮೂಲೆಯಿಂದ ಗೇಣುದ್ದ ಖಾಕಿ ದಾರ
ಗಾಳಿಗೆ ಆಡುತ್ತಿತ್ತು.
ಜನ ಎಲೆ ನೋಡಿದರು.
ಅವಳು ದಾರ ನೋಡಿದಳು.

ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಸೂಜಿಗೆ ದಾರ ಪೋಣಿಸಿ
ಕೈ ಚಾಚಿದಳು, ನನ್ನ ಮುಖ ನೋಡದೆ:
"ಕೊಡಿ ಇತ್ತಾಗೆ ಪ್ಯಾಂಟು.
ನಾಳಿಕೆ ಯಾರಾದ್ರೂ ಹತ್ತು ಅಂದ್ರೆ?"